ಶಿರಸಿ, ಕಾರವಾರದಿಂದ ಮಧುಗಿರಿ–ಸಾವನದುರ್ಗ: ಬೋಳು ಗ್ರಾನೈಟ್ ಬಂಡೆಗೆ ತಯಾರಿ ಹೇಗೆ?

ಬೇಣದ ಹಾದಿ, ಶಿರಸಿ

ಡಿಸೆಂಬರ್ ಕೊನೆ ವಾರ ನಾಲ್ಕು ಜನ ಮಧುಗಿರಿ, ಸಾವನದುರ್ಗ ಎರಡನ್ನೂ ಹತ್ತುವ ಯೋಚನೆ. ಇಬ್ಬರು ಶಿರಸಿಯಿಂದ, ಇಬ್ಬರು ಕಾರವಾರದಿಂದ. ಕೈಯಲ್ಲಿ ಐದು ದಿನ ಉಂಟು. ಕಾಡುದಾರಿ, ಉಂಬಳ, ಕೆಸರು, ಹಳ್ಳ ದಾಟುವುದು ಎಲ್ಲರಿಗೂ ರೂಢಿ. ನೆರಳಿಲ್ಲದ ಬೋಳು ಬಂಡೆ ಮೇಲೆ ಗಂಟೆಗಟ್ಟಲೆ ನಡೆಯುವ ಅಭ್ಯಾಸ ಮಾತ್ರ ಯಾರಿಗೂ ಇಲ್ಲ.

ಮಳೆಗಾಲದ ಚಾರಣಕ್ಕೆ ಅಂತ ತಂದ, ಆಳ ಹಲ್ಲಿನ ಗಟ್ಟಿ ಬೂಟುಗಳೇ ಸಾಕೋ, ಬೇರೆ ತರಬೇಕೋ? ತಲಾ ಎಷ್ಟು ನೀರು? ಹಗ್ಗ ಒಯ್ಯಬೇಕೋ? ಎರಡರಲ್ಲಿ ಯಾವುದು ಮೊದಲು? ಹೊರಡುವ ಮುಂಚೆ ಯಾಣಕ್ಕೆ ಎರಡು ಸಲ ಹೋಗಿ ಬಂದರೆ ಕಾಲು ಪಳಗುತ್ತದೆ ಅಂತ ಒಬ್ಬರ ಸಲಹೆ. ಅದು ಸರಿಯೋ?

ದಬ್ಬೆಸಂಕ, ಯಲ್ಲಾಪುರ

ಯಾಣದಿಂದ ಈ ಕೆಲಸಕ್ಕೆ ಉಪಯೋಗ ಇಲ್ಲ. ಅದು ಸುಣ್ಣದಕಲ್ಲು. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್ ಎತ್ತರ ಇದ್ದರೂ ನಾವು ನಡೆಯುವುದು ಬುಡದ ಮೆಟ್ಟಿಲು, ಕಾಡುದಾರಿಗಳಲ್ಲಿ. ಬಂಡೆ ಹತ್ತುವಂತಿಲ್ಲ, ಹತ್ತಲೂಬಾರದು. ಮಧುಗಿರಿ, ಸಾವನದುರ್ಗಗಳಲ್ಲಿ ಬಂಡೆಯೇ ದಾರಿ.

ಕಲ್ಲಿನ ಗುಣ ಮೊದಲು ತಿಳಿದುಕೊಳ್ಳಿ, ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ. ದಕ್ಷಿಣದಲ್ಲಿ ರಾಮನಗರದ ಕಡೆಯಿಂದ ಉತ್ತರಕ್ಕೆ ಹಂಪಿ, ಕೊಪ್ಪಳದವರೆಗೆ ಸುಮಾರು 400 ಕಿ.ಮೀ. ಉದ್ದಕ್ಕೆ ಒಂದೇ ಪಟ್ಟಿಯಾಗಿ ಹಬ್ಬಿದ ಗ್ರಾನೈಟ್ ಇದು. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿ ಇದ್ದ ಹೆಸರಿನಿಂದ ಭೂವಿಜ್ಞಾನಿಗಳು ಇದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಅನ್ನುತ್ತಾರೆ. ವಯಸ್ಸು ಸುಮಾರು 250 ಕೋಟಿ ವರ್ಷ. ನೆಲದಾಳದಲ್ಲಿ ಗಟ್ಟಿಯಾದ ಕಲ್ಲಿನ ಮೇಲಿನ ಭಾರ ಸವೆದು ಹೋದಾಗ ಅದು ಹಿಗ್ಗಿ, ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಬಿಡುತ್ತದೆ. ಈ ಬೆಟ್ಟಗಳು ಬೋರಲು ಹಾಕಿದ ಬಾಣಲೆಯಂತೆ ಕಾಣುವುದು ಅದಕ್ಕೇ. ನಮ್ಮ ಕರಾವಳಿಯಲ್ಲೂ ಅಡಿಯಲ್ಲಿ ನೈಸ್ (ಪಟ್ಟೆ ಪಟ್ಟೆಯಾಗಿ ಕಾಣುವ ಗಟ್ಟಿ ಕಲ್ಲು), ಗ್ರಾನೈಟ್ ಉಂಟು. ಆದರೆ ವರ್ಷಕ್ಕೆ 3000 ಮಿ.ಮೀ. ಸುರಿಯುವ ಮಳೆಗೆ ಮೇಲಿನ ಕಲ್ಲು ಕೊಳೆತು ಜಂಬಿಟ್ಟಿಗೆ, ಮಣ್ಣು ಆಗಿ, ಅದರ ಮೇಲೆ ಕಾಡು ಬೆಳೆದಿದೆ. ಮಧುಗಿರಿ ಕಡೆ ಮಳೆ ಇದರ ಕಾಲು ಭಾಗದಷ್ಟು, ಹಾಗಾಗಿ ಬಂಡೆ ಬೆತ್ತಲೆ.

ಈ ಬಾಣಲೆ ಆಕಾರವೇ ದೊಡ್ಡ ಅಪಾಯ. ಹತ್ತುವಾಗ ಬುಡದಲ್ಲಿ ಕಡಿದು, ಮೇಲೆ ಹೋದಂತೆ ಸಪಾಟು, ಹಾಗಾಗಿ ಧೈರ್ಯ ಬರುತ್ತಾ ಹೋಗುತ್ತದೆ. ಇಳಿಯುವಾಗ ಅದೇ ತಿರುವುಮುರುವು. ತುದಿಯಲ್ಲಿ ಸಪಾಟು, ನಾಲ್ಕೂ ಕಡೆ ಒಂದೇ ಥರ. ಯಾವ ದಿಕ್ಕಿಗೆ ಹೊರಟರೂ ಮೊದಲ ನೂರು ಹೆಜ್ಜೆ ಆರಾಮ. ಆಮೇಲೆ ಇಳಿಜಾರು ಹೆಜ್ಜೆ ಹೆಜ್ಜೆಗೂ ಕಡಿದಾಗುತ್ತದೆ, ಅಂಚು ಎಲ್ಲಿ ಅಂತ ಕಣ್ಣಿಗೆ ಬೀಳುವುದಿಲ್ಲ. ಗೊತ್ತಾಗುವ ಹೊತ್ತಿಗೆ ನಿಂತಲ್ಲಿಂದ ತಿರುಗಲೂ ಆಗದ ಜಾಗದಲ್ಲಿ ಇರುತ್ತೀರಿ. ಘಟ್ಟದಲ್ಲಿ ದಾರಿ ತಪ್ಪಿದವರು ಹಳ್ಳ ಹಿಡಿದು ಕೆಳಗೆ ಹೋಗುತ್ತಾರೆ (ಅಲ್ಲೂ ಅಬ್ಬಿ, ಅಂದರೆ ಜಲಪಾತ, ಅಡ್ಡ ಬರುತ್ತದೆ, ಅದು ಬೇರೆ ಮಾತು). ಇಲ್ಲಿ ನೀರು ಹರಿದ ಗುರುತು ಹಿಡಿದು ಇಳಿದರೆ ಸೀದಾ ಬಂಡೆಯ ಅಂಚಿಗೇ ಹೋಗಿ ನಿಲ್ಲುತ್ತೀರಿ. ದಾರಿ ತಪ್ಪಿದ ಅನುಮಾನ ಬಂದ ಕ್ಷಣ ಇಳಿಯುವುದನ್ನು ನಿಲ್ಲಿಸಿ, ಕೊನೆಯ ಗುರುತು ಕಂಡಲ್ಲಿಗೆ ಮೇಲಕ್ಕೆ ಹತ್ತಿ. ಕೆಳಗಿನ ಊರು, ದೇವಸ್ಥಾನ ಎಷ್ಟೇ ಹತ್ತಿರ ಕಂಡರೂ ಅತ್ತ ಅಡ್ಡದಾರಿ ಹಾಕಬೇಡಿ.

ಇದಕ್ಕೆ ತಯಾರಿ ಹತ್ತುವಾಗಲೇ ಆಗಬೇಕು. ಹತ್ತು ನಿಮಿಷಕ್ಕೊಮ್ಮೆ ತಿರುಗಿ ನಿಂತು, ಬಂದ ದಾರಿಯ ಫೋಟೊ ತೆಗೆಯಿರಿ. ಮುಂದಿನ ದಾರಿಯದಲ್ಲ, ಹಿಂದಿನದು, ಯಾಕೆಂದರೆ ಇಳಿಯುವಾಗ ಕಾಣುವ ನೋಟ ಅದೇ. ಫೋನಿನಲ್ಲಿ ಜಿಪಿಎಸ್ ಜಾಡು ದಾಖಲಾಗುತ್ತಿರಲಿ. ತುದಿಯ ಸಪಾಟಿಗೆ ಕಾಲಿಟ್ಟ ಜಾಗವನ್ನು ಒಂಟಿ ಗಿಡ, ಗುಂಡುಕಲ್ಲು, ಗೋಡೆಯ ಮೂಲೆ ಏನಾದರೊಂದಕ್ಕೆ ಹೊಂದಿಸಿ ನಾಲ್ಕೂ ಜನ ಗುರುತಿಟ್ಟುಕೊಳ್ಳಿ.

ಇನ್ನು ಕಾಲಿನ ವಿಷಯ. ಒಣಗಿದ, ಸ್ವಚ್ಛವಾದ ಗ್ರಾನೈಟ್ ಉಪ್ಪುಕಾಗದದ ಹಾಗೆ ಹಿಡಿಯುತ್ತದೆ. ಅದರೊಳಗಿನ ಹರಳುಗಳು ದಪ್ಪ, ಹೊರಗೆ ಚಾಚಿಕೊಂಡಿರುತ್ತವೆ, ರಬ್ಬರು ಅದರ ಮೇಲೆ ಒತ್ತಿ ಕೂರುತ್ತದೆ. ಹಾಗಾಗಿ ಎಷ್ಟು ರಬ್ಬರು ಕಲ್ಲಿಗೆ ತಾಗುತ್ತದೆ ಅನ್ನುವುದೇ ಲೆಕ್ಕ. ಆಳ ಹಲ್ಲಿನ ಗಟ್ಟಿ ಬೂಟು ಕೆಸರಿಗೆ ಮಾಡಿದ್ದು, ಇಲ್ಲಿ ನಾಲ್ಕು ಹಲ್ಲಿನ ತುದಿ ಮಾತ್ರ ತಾಗುತ್ತದೆ. ಮೆತ್ತನೆ ರಬ್ಬರಿನ, ಹಲ್ಲು ಕಡಿಮೆ ಇರುವ, ಪಾದಕ್ಕೆ ಬಿಗಿಯಾಗಿ ಕೂರುವ ಬೂಟು ಒಳ್ಳೆಯದು. ಅಂಗಡಿಯಲ್ಲಿ ಅಡಿಯನ್ನು ಉಗುರಿನಿಂದ ಒತ್ತಿ ನೋಡಿ. ಸ್ವಲ್ಪ ತಗ್ಗಿ ಮತ್ತೆ ಎದ್ದರೆ ರಬ್ಬರು. ಉಗುರು ಜಾರಿದರೆ ಅದು ಪ್ಲಾಸ್ಟಿಕ್ಕೇ, ಹೊಸದಾಗಿದ್ದರೂ ಬೇಡ.

ಹತ್ತುವಾಗ ತುದಿಗಾಲಲ್ಲಿ ನಡೆಯಬೇಡಿ, ಇಡೀ ಪಾದ ಊರಿ. ಹೆದರಿಕೆಗೆ ಮೈ ತಾನಾಗಿ ಬಂಡೆಯ ಕಡೆ ಬಾಗುತ್ತದೆ. ಬಾಗಿದಷ್ಟೂ ಭಾರ ಪಾದ ಬಿಟ್ಟು ಮುಂದೆ ಹೋಗಿ ಕಾಲು ಜಾರುತ್ತದೆ. ಸೊಂಟ ಪಾದದ ನೇರಕ್ಕೆ ಇರಲಿ, ಹೆಜ್ಜೆ ಸಣ್ಣದಾಗಿರಲಿ. ಕಡಿದು ಕಂಡಲ್ಲಿ ಸೀದಾ ಹೋಗದೆ ಓರೆಯಾಗಿ ಹಾವಿನ ಹಾಗೆ ಹೋಗಿ. ಇಳಿಯುವಾಗ ಮೊಣಕಾಲು ಮಡಚಿ, ಪಾದ ಚಪ್ಪಟೆ ಊರಿ, ಮುಖ ಕೆಳಕ್ಕೆ. ತೀರಾ ಕಡಿದಾದರೆ ಬಂಡೆಗೆ ಮುಖ ಮಾಡಿ, ಏಣಿ ಇಳಿದ ಹಾಗೆ ಕೈಕಾಲು ಬಳಸಿ. ಕೂತು ಜಾರಿಕೊಂಡು ಬರುವುದು ಎಲ್ಲರೂ ಮಾಡುವ ತಪ್ಪು. ಪ್ಯಾಂಟಿನ ಬಟ್ಟೆಗೆ ರಬ್ಬರಿನ ಹಿಡಿತ ಇಲ್ಲ, ಒಮ್ಮೆ ವೇಗ ಹಿಡಿದರೆ ನಿಲ್ಲಿಸಲು ಆಗದು.

ಇಳಿಜಾರಿನ ಅಂದಾಜಿಗೆ ಫೋನಿನ ಲೆವೆಲ್ ಆ್ಯಪ್ ಸಾಕು, ಬಂಡೆ ಮೇಲೆ ಮಲಗಿಸಿ ನೋಡಿ. 30 ಡಿಗ್ರಿವರೆಗೆ ನಿಂತು ನಡೆಯಬಹುದು. ಅದು ಹೆಚ್ಚುಕಡಿಮೆ ನಮ್ಮ ಹಂಚಿನ ಮಾಡಿನ ಇಳಿಜಾರು. 30ರಿಂದ 40ರ ನಡುವೆ ಕೈಯೂ ಬೇಕು, ಬೂಟೂ ಒಳ್ಳೆಯದಿರಬೇಕು. ಅದರಾಚೆಗೆ ನಡಿಗೆ ಅಲ್ಲ, ಬಂಡೆ ಹತ್ತುವ ವಿದ್ಯೆ. ಇಳಿಯಲು ಬಾರದ ಜಾಗವನ್ನು ಹತ್ತಬೇಡಿ.

ಬಂಡೆ ಮೇಲಿನ ಕಪ್ಪು ಪಟ್ಟೆಗಳು ಮಳೆನೀರು ಹರಿದು ಪಾಚಿ ಕಟ್ಟಿದ ಜಾಗ. ಒಣಗಿದ್ದಾಗ ತೊಂದರೆ ಕಡಿಮೆ. ಇಬ್ಬನಿ ಬಿದ್ದರೆ ಸಾಕು, ಆಷಾಢದ ಅಂಗಳದ ಹಾಗೆಯೇ. ನಿಮಗೆ ದಬ್ಬೆ (ಸೀಳಿದ ಅಡಿಕೆ ಮರ) ಹಾಸದೆ ಅಂಗಳ ದಾಟುವ ಕಷ್ಟ ಗೊತ್ತಿದೆಯಲ್ಲ, ಅದನ್ನೇ 30 ಡಿಗ್ರಿ ಓರೆ ಮಾಡಿ ಯೋಚಿಸಿ. ಇನ್ನೊಂದು, ಕಲ್ಲು ಸವೆದು ಉದುರಿದ ಹರಳು ಮಣ್ಣು. ತಗ್ಗುಗಳಲ್ಲಿ ರಾಗಿ ಚೆಲ್ಲಿದ ಹಾಗೆ ಬಿದ್ದಿರುತ್ತದೆ, ಕಾಲಿಟ್ಟರೆ ಉರುಳುತ್ತದೆ. ಎದ್ದ ಚಕ್ಕೆಯನ್ನು ಕೈಯಲ್ಲಿ ಹಿಡಿಯುವ ಮೊದಲು ಹಲಸಿನಕಾಯಿ ತಟ್ಟಿದ ಹಾಗೆ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಅದು ಬಂಡೆಯಿಂದ ಬಿಟ್ಟಿದೆ ಅಂತ ಅರ್ಥ, ಭಾರ ಹಾಕಬೇಡಿ.

ಕಾಳಿ ದಂಡೆ, ಕಾರವಾರ

ದಾರಿಯ ಮಟ್ಟಿಗೆ ಹೇಳುತ್ತೇನೆ. ಐದು ದಿನ ಇದ್ದರೆ ಸೀದಾ ಮಧುಗಿರಿಗೆ ಹೋಗುವ ಬದಲು ಹಂಪಿ–ಆನೆಗೊಂದಿ ಮೇಲೆ ಹೋಗಿ. ಕಾರವಾರದವರು ಅಂಕೋಲಾ, ಯಲ್ಲಾಪುರ ದಾರಿಯಲ್ಲಿ ಹುಬ್ಬಳ್ಳಿಗೆ, ಶಿರಸಿಯವರು ಬಸ್ಸಿನಲ್ಲಿ ಹುಬ್ಬಳ್ಳಿಗೆ. ಅಲ್ಲಿ ಸೇರಿ ಗದಗ, ಕೊಪ್ಪಳ ಮೇಲಿನ ರೈಲಿನಲ್ಲಿ ಹೊಸಪೇಟೆ. ಮೊದಲ ದಿನ ಅಂಜನಾದ್ರಿಯ 575 ಮೆಟ್ಟಿಲು ಹತ್ತಿ ಉಸಿರಿನ ಲೆಕ್ಕ ನೋಡಿಕೊಳ್ಳಿ. ಮಾರನೇ ಬೆಳಿಗ್ಗೆ ಸಾಣಾಪುರದ ಕಡೆ ತಗ್ಗಿನ ಹಾಸುಬಂಡೆಗಳ ಮೇಲೆ ಎರಡು ಗಂಟೆ ಹತ್ತಿ ಇಳಿದು ಅಭ್ಯಾಸ ಮಾಡಿ. ಬಿದ್ದರೂ ಮೊಣಕಾಲು ತರಚುವಷ್ಟೇ ಎತ್ತರದ ಬಂಡೆ ಆರಿಸಿ. ಕಲ್ಲು ಮಧುಗಿರಿ, ಸಾವನದುರ್ಗದ ಕುಲದ್ದೇ. ಹಂಪಿಯಲ್ಲಿ ಸ್ಮಾರಕದ ಗೋಡೆ, ಮಂಟಪದ ಮೇಲೆ ಮಾತ್ರ ಹತ್ತಬೇಡಿ. ಅಲ್ಲಿ ಚಿರತೆ, ಕರಡಿ ಎರಡೂ ಉಂಟು (ದರೋಜಿ ಕರಡಿಧಾಮ ಹತ್ತಿರದಲ್ಲೇ ಇದೆ), ಹಾಗಾಗಿ ಬೆಳಕು ಹರಿಯುವ ಮುಂಚೆ ಮತ್ತು ಹೊತ್ತು ಮುಳುಗಿದ ಮೇಲೆ ಗುಂಡುಗಳ ನಡುವೆ ತಿರುಗುವುದು ಬೇಡ.

ಹೊಸಪೇಟೆಯಿಂದ ಕೂಡ್ಲಿಗಿ, ಚಿತ್ರದುರ್ಗ, ಹಿರಿಯೂರು, ಶಿರಾ. ಶಿರಾದಲ್ಲಿ ಹೆದ್ದಾರಿ ಬಿಟ್ಟು ಎಡಕ್ಕೆ ಹೋದರೆ ಮಧುಗಿರಿ. ಮೊದಲು ಮಧುಗಿರಿ, ಆಮೇಲೆ ಸಾವನದುರ್ಗ, ಈ ಕ್ರಮವೇ ಒಳ್ಳೆಯದು. ಮಧುಗಿರಿ 1193 ಮೀಟರ್, ಊರಿನಿಂದ ಸುಮಾರು 400 ಮೀಟರ್ ಏರು. ಕೋಟೆಯ ಬಾಗಿಲುಗಳು, ಕೆತ್ತಿದ ಮೆಟ್ಟಿಲುಗಳು ಇರುವುದರಿಂದ ದಾರಿ ಗೊಂದಲ ಕಡಿಮೆ. ಕಡಿದಾದ ಕಡೆ ಬಂಡೆಯಲ್ಲೇ ಪಾದ ಊರುವಷ್ಟು ಗುಳಿ ಕೊರೆದಿದ್ದಾರೆ, ಕೆಲವೆಡೆ ಕಬ್ಬಿಣದ ಕಂಬಿ ಉಂಟು. ಕಂಬಿಗೆ ಪೂರ್ತಿ ಭಾರ ಬಿಡುವ ಮುಂಚೆ ಅಲ್ಲಾಡಿಸಿ ನೋಡಿ. ತುದಿಯಲ್ಲಿ ಪಾಳುಬಿದ್ದ ಗೋಪಾಲಕೃಷ್ಣ ಗುಡಿ. ಹತ್ತಲು, ಇಳಿಯಲು, ನಿಲ್ಲಲು ಸೇರಿ ಆರು ಗಂಟೆ ಇಟ್ಟುಕೊಳ್ಳಿ.

ಅಲ್ಲಿಂದ ತುಮಕೂರು, ದಾಬಸಪೇಟೆ ಮೇಲೆ ಮಾಗಡಿ, ಮಾಗಡಿಯಿಂದ ಸಾವನದುರ್ಗ ಹತ್ತಿರ. 1226 ಮೀಟರ್. ಇಲ್ಲಿ ಎರಡು ಗುಡ್ಡ, ಕರಿಗುಡ್ಡ ಮತ್ತು ಬಿಳಿಗುಡ್ಡ. ವೀರಭದ್ರ, ನರಸಿಂಹ ದೇವಸ್ಥಾನಗಳ ಬುಡದಿಂದ ಕರಿಗುಡ್ಡದ ದಾರಿ ಶುರು. ಬಿಳಿಗುಡ್ಡ ನಿಮ್ಮ ಪಟ್ಟಿಯಲ್ಲೇ ಇರಬಾರದು, ಅದು ಹಗ್ಗ ಬಲ್ಲವರ ಜಾಗ. ಕರಿಗುಡ್ಡದಲ್ಲಿ ಬಂಡೆ ಮೇಲೆ ಬಿಳಿ ಬಣ್ಣದ ಬಾಣದ ಗುರುತು ಉಂಟು. ಒಂದು ಬಾಣ ಕಂಡಲ್ಲಿಂದ ಮುಂದಿನದು ಕಾಣದೆ ಮುಂದೆ ಹೋಗಬೇಡಿ. ತುದಿಯಲ್ಲಿ ನಂದಿ ಮಂಟಪ. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನಿಂದ ಗೆದ್ದ ಕೋಟೆ ಇದೇ, ದಾರಿಯಲ್ಲಿ ಮುರಿದ ಗೋಡೆ ಸಿಗುತ್ತದೆ. ವಾಪಸಿಗೆ ಕಾರವಾರದವರು ಯಶವಂತಪುರದಿಂದ ಸಂಜೆಯ ಪಂಚಗಂಗಾ ಎಕ್ಸ್‌ಪ್ರೆಸ್ ಹಿಡಿದರೆ ಬೆಳಿಗ್ಗೆ ಮನೆ. ಶಿರಸಿಯವರಿಗೆ ರಾತ್ರಿ ಬಸ್ಸು.

ಟಿಕೆಟ್: ಅರಣ್ಯ ಇಲಾಖೆಯ ಚಾರಣ ದಾರಿಗಳಿಗೆ ಆನ್‌ಲೈನಿನಲ್ಲಿ ಮುಂಗಡ ಕಾಯ್ದಿರಿಸುವ ವ್ಯವಸ್ಥೆ ಇದೆ. ಕ್ರಿಸ್‌ಮಸ್ ವಾರ ಬೆಂಗಳೂರಿನವರೆಲ್ಲ ಅಲ್ಲೇ ಇರುತ್ತಾರೆ. ಸಾವನದುರ್ಗವನ್ನು ವಾರದ ನಡುವೆ ಬರುವಂತೆ ಹೊಂದಿಸಿ.

ಹೊನ್ನೆಮರ, ಕುಮಟಾ

ಆನೆಗೊಂದಿ ದೂರ ಆದರೆ ಬಾದಾಮಿಯಲ್ಲೇ ಅಭ್ಯಾಸ ಮಾಡಬಹುದಲ್ಲ? ಹುಬ್ಬಳ್ಳಿಯಿಂದ ಅದೂ ಹತ್ತಿರ.

ದಬ್ಬೆಸಂಕ, ಯಲ್ಲಾಪುರ

ಬಾದಾಮಿ ಮರಳುಗಲ್ಲು. ಪದರ ಅಡ್ಡಡ್ಡ ಇರುತ್ತದೆ, ಕೈಗೆ ಹಿಡಿಕೆ, ಕಾಲಿಗೆ ಅಂಚು ಸಿಗುತ್ತದೆ. ಗ್ರಾನೈಟ್ ಹಾಸಿನ ಮೇಲೆ ಹಿಡಿಕೆಯೂ ಇಲ್ಲ, ಅಂಚೂ ಇಲ್ಲ, ಪಾದದ ನಂಬಿಕೆ ಒಂದೇ. ಊರು ನೋಡಲು ಹೋಗಿ, ಈ ಅಭ್ಯಾಸಕ್ಕಲ್ಲ.

ಬೇಣದ ಹಾದಿ, ಶಿರಸಿ

ಅಡ್ಡಿಲ್ಲೆ, ಆನೆಗೊಂದಿ ದಾರಿಯೇ ಸರಿ. ಹಗ್ಗದ ಪ್ರಶ್ನೆ ಉಳಿಯಿತು. ನಾಲ್ಕೂ ಜನ ಸೊಂಟಕ್ಕೆ ಒಂದೇ ಹಗ್ಗ ಕಟ್ಟಿಕೊಂಡರೆ ಒಬ್ಬ ಜಾರಿದರೂ ಉಳಿದವರು ಹಿಡಿಯಬಹುದೋ? ಊರುಗೋಲು ಒಯ್ದರೆ ಹೇಗೆ? ನೀರಿನ ಲೆಕ್ಕವೂ ಬೇಕಿತ್ತು.

ಮುರುಗಲು, ಅಂಕೋಲಾ

ಹಗ್ಗದ ಯೋಚನೆ ಬಿಡಿ ಮಾರಾಯ್ರೆ. ಹಗ್ಗ ಕೆಲಸ ಮಾಡುವುದು ಅದರ ಇನ್ನೊಂದು ತುದಿ ಬಂಡೆಗೋ ಮರಕ್ಕೋ ಗಟ್ಟಿಯಾಗಿ ಕಟ್ಟಿದ್ದಾಗ. ಹಾಸುಬಂಡೆ ಮೇಲೆ ನಿಂತ ಮೂರು ಜನರನ್ನು ಜಾರಿದ ಒಬ್ಬ ಸೀದಾ ಎಳೆದುಕೊಂಡು ಹೋಗುತ್ತಾನೆ. ಹಗ್ಗ ಇಲ್ಲದಿದ್ದರೆ ಒಬ್ಬ ಬೀಳುತ್ತಾನೆ, ಇದ್ದರೆ ನಾಲ್ವರೂ. ಬಾವಿಗೆ, ಕೊಟ್ಟಿಗೆಗೆ ಬಳಸುವ ನೈಲಾನ್ ಹಗ್ಗ ಅಂತೂ ಬೇಡವೇ ಬೇಡ, ಬೀಳುವ ಮೈಯ ಎಳೆತಕ್ಕೆ ಅದನ್ನು ಮಾಡಿಲ್ಲ. ಅದರ ಬದಲು ಕಡಿದಾದ ಕಡೆ ಒಬ್ಬರ ನೇರ ಕೆಳಗೆ ಇನ್ನೊಬ್ಬರು ಇರದಂತೆ ಅಡ್ಡಕ್ಕೆ ಹರಡಿಕೊಂಡು ಹೋಗಿ. ಮೇಲಿನವರ ಕೈಯಿಂದ ಬಾಟಲಿ ಜಾರಿದರೂ ಕೆಳಗಿನವರಿಗೆ ಬಡಿಯಬಾರದು.

ಊರುಗೋಲಿನ ಉಕ್ಕಿನ ಮೊನೆ ಗ್ರಾನೈಟ್ ಮೇಲೆ ಜಾರುತ್ತದೆ. ರಬ್ಬರ್ ಟೊಪ್ಪಿ ಹಾಕಿದರೆ ಬುಡದ ಮಣ್ಣುದಾರಿಯಲ್ಲಿ, ಇಳಿದಾದ ಮೇಲೆ ಮೊಣಕಾಲಿಗೆ ಉಪಯೋಗ. ಬಂಡೆ ಶುರುವಾದ ಕೂಡಲೇ ಮಡಚಿ ಚೀಲಕ್ಕೆ ಹಾಕಿ, ಕೈ ಖಾಲಿ ಇರಬೇಕು.

ನೀರು ತಲಾ 3 ಲೀಟರ್. ಚಳಿಗಾಲ, ಎರಡು ಸಾಕು ಅಂತ ಅನ್ನಿಸುತ್ತದೆ. ಕರಾವಳಿಯವರು ಎಡವುವುದು ಇಲ್ಲೇ. ನಮ್ಮಲ್ಲಿ ಬೆವರು ಇಳಿದು ಅಂಗಿ ಒದ್ದೆಯಾಗುತ್ತದೆ, ಮೈ ನೀರು ಹೋಯಿತು ಅಂತ ಗೊತ್ತಾಗುತ್ತದೆ. ಅಲ್ಲಿನ ಒಣಗಾಳಿಯಲ್ಲಿ ಬೆವರು ಬಂದಲ್ಲೇ ಆರಿಹೋಗುತ್ತದೆ, ಅಂಗಿ ಒಣಗಿಯೇ ಇರುತ್ತದೆ. ತುಟಿ ಒಡೆದು ತಲೆ ಸಿಡಿಯಲು ಶುರುವಾದಾಗಲೇ ಅರಿವು. ಬಾಯಾರಿಕೆಗೆ ಕಾಯದೆ ಅರ್ಧ ಗಂಟೆಗೊಮ್ಮೆ ನಾಲ್ಕು ಗುಟುಕು. ಮೂರರಲ್ಲಿ ಒಂದು ಲೀಟರ್ ಓಆರ್‌ಎಸ್ ಆಗಿರಲಿ. ಪೊಟ್ಟಣ ಇಲ್ಲದಿದ್ದರೆ 1 ಲೀಟರ್ ನೀರಿಗೆ ಸಮತಟ್ಟಾಗಿ 6 ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಮುರುಗಲ ಸಾರ ಹಾಕಿದರೆ ಕುಡಿಯಲು ರುಚಿ, ಆದರೆ ಉಪ್ಪಿನ ಅಳತೆ ಹೆಚ್ಚಿಸಬೇಡಿ. ಬೆಳಿಗ್ಗೆ ಗೇಟು ತೆಗೆಯುವ ಹೊತ್ತಿಗೆ ಅಲ್ಲಿದ್ದು, ಹನ್ನೊಂದಕ್ಕೆಲ್ಲ ಇಳಿಯಲು ಶುರು ಮಾಡಿ. ಮಧ್ಯಾಹ್ನ ಮೇಲಿನ ಬಿಸಿಲಿನ ಜೊತೆ ಕೆಳಗಿನ ಬಂಡೆಯೂ ಕಾವಲಿಯ ಹಾಗೆ ಶಾಖ ಬಿಡುತ್ತದೆ. ಟೋಪಿಗೆ ಗಲ್ಲದ ದಾರ ಇರಲಿ. ತುದಿಯ ಗಾಳಿಗೆ ಹಾರಿದ ಟೋಪಿ ಹಿಡಿಯಲು ಅಂಚಿನ ಕಡೆ ಓಡುವ ಪ್ರಸಂಗ ಬೇಡ.

ಮೇಲೆ ಬಂಡೆಯ ತಗ್ಗಿನಲ್ಲಿ ನೀರು ನಿಂತ ದೊಣೆಗಳು ಸಿಗುತ್ತವೆ. ಕುಡಿಯಬೇಡಿ, ಇಳಿಯಲೂಬೇಡಿ. ಅಂಚು ಪಾಚಿಯಿಂದ ನುಣುಪು, ಹಿಡಿಯಲು ಬೇರು ಕೂಡ ಇರುವುದಿಲ್ಲ. ಹೊಳೆಯಲ್ಲಿ ಈಜಿ ಬೆಳೆದವರಿಗೂ ಮೇಲೆ ಬರಲು ಕಷ್ಟ.

ತಿಂಡಿಯನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಕೈಯಲ್ಲಿ ಹಿಡಿದುಕೊಂಡು ಹೋದರೆ ಮಂಗಗಳು ಬಿಡುವುದಿಲ್ಲ. ಬಂಡೆ ಮೇಲೆ ಮಂಗನ ಜೊತೆ ಜಗ್ಗಾಡಿದರೆ ಗೆಲ್ಲುವುದು ಮಂಗವೇ.

ಹೊನ್ನೆಮರ, ಕುಮಟಾ

ಹೆಜ್ಜೇನಿನ ಬಗ್ಗೆ ಯಾರೂ ಹೇಳಲಿಲ್ಲ. ಮಧುಗಿರಿಗೆ ಆ ಹೆಸರು ಬಂದದ್ದೇ ಜೇನಿನಿಂದ ಅನ್ನುತ್ತಾರೆ.

ಮುರುಗಲು, ಅಂಕೋಲಾ

ಸರಿಯಾಗಿ ನೆನಪಿಸಿದಿರಿ. ಚಾಚಿದ ಬಂಡೆಯ ಅಡಿಯಲ್ಲಿ ತಟ್ಟಿ (ಜೇನುಗೂಡು) ಕಟ್ಟಿರುತ್ತವೆ. ಸೆಂಟು, ಬೀಡಿ ಹೊಗೆ, ಬೆಂಕಿ, ಗಲಾಟೆ, ಡ್ರೋನ್ ಯಾವುದೂ ಬೇಡ. ಎದ್ದರೆ ಕೈ ಬೀಸದೆ, ಮುಖ ಕುತ್ತಿಗೆ ಬಟ್ಟೆಯಲ್ಲಿ ಮುಚ್ಚಿ, ಗೂಡಿನಿಂದ ದೂರ ಹೋಗುತ್ತಾ ಇರಿ. ಕಾಡಿನಲ್ಲಾದರೆ ಓಡಿ ಅನ್ನಬಹುದಿತ್ತು. ಬಂಡೆ ಮೇಲೆ ಓಡಿದರೆ ಕಡಿತಕ್ಕಿಂತ ಬೀಳುವುದೇ ಹೆಚ್ಚು ಅಪಾಯ, ಬೇಗ ನಡೆಯಿರಿ, ಕಣ್ಣು ಕಾಲ ಮೇಲಿರಲಿ. ಮುಳ್ಳನ್ನು ಹೇಗೆ ತೆಗೆದಿರಿ ಅನ್ನುವುದಕ್ಕಿಂತ ಎಷ್ಟು ಬೇಗ ತೆಗೆದಿರಿ ಅನ್ನುವುದು ಮುಖ್ಯ, ವಿಷ ಒಳಗೆ ಇಳಿಯುತ್ತಲೇ ಇರುತ್ತದೆ. ಉಸಿರು ಕಟ್ಟಿದರೆ, ತುಟಿ ನಾಲಿಗೆ ಊದಿದರೆ, ಮೈಯೆಲ್ಲ ದದ್ದು ಎದ್ದರೆ ಒಂದೇ ಕಡಿತ ಆಗಿದ್ದರೂ 108ಕ್ಕೆ ಫೋನ್ ಮಾಡಿ. ಜೇನಿನ ಅಲರ್ಜಿ ಇದ್ದವರು ನಾಲ್ವರಲ್ಲಿ ಇದ್ದರೆ ಹೊರಡುವ ಮುಂಚೆಯೇ ವೈದ್ಯರನ್ನು ಕಂಡು ಔಷಧಿ ಜೊತೆಗಿಟ್ಟುಕೊಳ್ಳಿ. ತುದಿಯಿಂದ ಒಬ್ಬರನ್ನು ಹೊತ್ತು ಇಳಿಸುವುದು ಗಂಟೆಗಟ್ಟಲೆ ಕೆಲಸ.

ಕಾಳಿ ದಂಡೆ, ಕಾರವಾರ

ಡಿಸೆಂಬರಿನಲ್ಲಿ ಗುಡುಗು ಅಪರೂಪ, ಆದರೆ ವಾಯುಭಾರ ಕುಸಿತ ಆದರೆ ಎರಡು ಮೂರು ದಿನ ಜಿಟಿಜಿಟಿ ಹಿಡಿಯುತ್ತದೆ. ಹಿಂದಿನ ದಿನ ಹವಾಮಾನ ನೋಡಿ. ಮಳೆ ಬಂದರೆ ಬಂಡೆ ಪೂರ್ತಿ ಆರುವವರೆಗೆ ಹತ್ತಬೇಡಿ, ಆ ದಿನ ಚಿತ್ರದುರ್ಗದ ಕೋಟೆ ನೋಡಿ ಬನ್ನಿ. ಮೇಲಿದ್ದಾಗಲೇ ಹನಿ ಬಿದ್ದರೆ, ಸುತ್ತ ಸಪಾಟಾದ ಜಾಗದಲ್ಲಿ ಕೂತು ಕಾಯುವುದು ಒದ್ದೆ ಬಂಡೆ ಇಳಿಯುವುದಕ್ಕಿಂತ ಒಳ್ಳೆಯದು. ಆದರೆ ಇದು ಬರೀ ಮಳೆಗೆ. ಗುಡುಗು ಕೇಳಿದರೆ ತುದಿಯಲ್ಲಿ ಕೂರಬೇಡಿ, ನಂದಿ ಮಂಟಪದೊಳಗೂ ಬೇಡ. ಬಂಡೆ ಒದ್ದೆಯಾಗುವ ಮುಂಚೆ ಬಂದ ದಾರಿಯಲ್ಲೇ ತಗ್ಗಿಗೆ ಇಳಿಯಿರಿ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಈ ಬೆಟ್ಟಗಳಿಗೆ ಹೋಗಬಾರದು ಅನ್ನುವುದಕ್ಕೆ ಬಿಸಿಲಿನಷ್ಟೇ ಸಿಡಿಲೂ ಕಾರಣ.

ಬೇಣದ ಹಾದಿ, ಶಿರಸಿ

ಎಲ್ಲರಿಗೂ ಧನ್ಯವಾದ. ಒಂದು ಕೊನೆ ಪ್ರಶ್ನೆ. ನಾಲ್ವರಲ್ಲಿ ಒಬ್ಬರ ಹತ್ತಿರ ಮೆತ್ತನೆ ರಬ್ಬರಿನ ಬೂಟು ಉಂಟು, ಆದರೆ ಮೂರು ಮಳೆಗಾಲ ಅಟ್ಟದ ಮೇಲೆ ಇಟ್ಟದ್ದು. ನಡೆಯುತ್ತದೋ?

ದಬ್ಬೆಸಂಕ, ಯಲ್ಲಾಪುರ

ಅನುಮಾನ. ನಮ್ಮ ತೇವಕ್ಕೆ ಅಡಿಯ ಅಂಟು ಮತ್ತು ನಡುವಿನ ಸ್ಪಂಜು ಒಳಗಿಂದಲೇ ಪುಡಿಯಾಗುತ್ತವೆ, ಹೊರಗೆ ಏನೂ ಕಾಣುವುದಿಲ್ಲ. ಬಿಸಿ ಬಂಡೆ ಮೇಲೆ ಒಂದು ತಾಸು ನಡೆದರೆ ಅಡಿ ಪೂರ್ತಿ ಬಾಯಿ ಬಿಡುತ್ತದೆ. ಬೂಟನ್ನು ಎರಡೂ ಕೈಯಲ್ಲಿ ಹಿಡಿದು ಬಲವಾಗಿ ಮಡಚಿ, ಅಂಚಿನಲ್ಲಿ ಗೀರು ಬಿಟ್ಟರೆ ಅಥವಾ ಸ್ಪಂಜಿನ ಪುಡಿ ಉದುರಿದರೆ ಎಸೆಯಿರಿ. ಅದರಲ್ಲಿ ಪಾಸಾದರೆ ಹೊರಡುವ ಎರಡು ವಾರ ಮುಂಚಿನಿಂದ ದಿನಾ ಡಾಂಬರು ರಸ್ತೆಯಲ್ಲಿ ನಾಲ್ಕೈದು ಕಿ.ಮೀ. ನಡೆಯಲಿ. ಬಿಡುವುದಿದ್ದರೆ ಅಲ್ಲೇ ಬಿಡಲಿ. ಏನಕ್ಕೂ ಚೀಲದಲ್ಲಿ ಎರಡು ಮೀಟರ್ ಬಟ್ಟೆಯ ಅಂಟುಪಟ್ಟಿ ಇಟ್ಟುಕೊಳ್ಳಿ. ಬಾಯಿ ಬಿಟ್ಟರೆ ಬೂಟಿನ ಮುಂಭಾಗ ಮತ್ತು ನಡುವಿಗೆ ಸುತ್ತಬಹುದು. ಆದರೆ ಪಟ್ಟಿ ಜಾರುತ್ತದೆ, ಹಿಮ್ಮಡಿಯ ರಬ್ಬರು ತೆರೆದೇ ಇರುವಂತೆ ಸುತ್ತಿ, ಹಿಮ್ಮಡಿಗೆ ಭಾರ ಹಾಕಿ ಇಳಿಯಿರಿ.